ಒಂದಿಂಚಿನ ಭರವಸೆ: ಕಾರ್ಖಾನೆ ರೈಫಲುಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ (ತಿಪಟೂರಿನ ತೆಂಗು ಬೆಳೆಗಾರರು): ಸುಬೇದಾರ್ ಸರ್, ನಮಸ್ಕಾರ. ನನ್ನ ತಂಗಿಯ ಮಗ ಕೆನಡಾದ ಆಲ್ಬರ್ಟಾದಲ್ಲಿ ನೆಲೆಸಿದ್ದಾನೆ, ಅಲ್ಲಿನ ಪೌರತ್ವವೂ ಸಿಕ್ಕಿದೆ. ಸುರಕ್ಷತಾ ತರಬೇತಿ ಮುಗಿಸಿ ಬಂದೂಕಿನ ಪರವಾನಗಿ ಪಡೆದಿದ್ದಾನೆ. ಈ ನವೆಂಬರಿನಲ್ಲಿ ಸ್ನೇಹಿತರ ಜೊತೆ ಜಿಂಕೆ ಬೇಟೆಗೆ ಹೋಗುತ್ತಾನಂತೆ. ಅಲ್ಲಿ ಸರ್ಕಾರವೇ ಟ್ಯಾಗ್, ಅಂದರೆ ಅನುಮತಿ ಚೀಟಿ, ಕೊಟ್ಟು ಬೇಟೆಗೆ ಬಿಡುತ್ತದೆ. ಟಿಕ್ಕಾ ಟಿ3ಎಕ್ಸ್, ರೆಮಿಂಗ್ಟನ್ 700, ಸ್ಯಾವೇಜ್ 110, ರೂಗರ್ ಅಮೆರಿಕನ್, ಈ ನಾಲ್ಕು ರೈಫಲುಗಳಲ್ಲಿ ಯಾವುದನ್ನು ತೆಗೆದುಕೊಳ್ಳಲಿ ಎಂದು ನನ್ನನ್ನು ಕೇಳಿದ್ದಾನೆ. ನನಗೆ ಗೊತ್ತಿರುವುದು ನಮ್ಮಪ್ಪನ ಕಾಲದ ಜೋಡುನಳಿಗೆ ಕೋವಿ ಮಾತ್ರ. ಅಂಗಡಿಯವನು ‘ಎಲ್ಲವೂ ನೂರು ಗಜಕ್ಕೆ ಒಂದಿಂಚು ಹೊಡೆಯುತ್ತವೆ’ ಎನ್ನುತ್ತಾನಂತೆ. ನೀವು ಸೈನ್ಯದಲ್ಲಿ ಆಯುಧ ರಿಪೇರಿ ಮಾಡಿದವರು, ದಯವಿಟ್ಟು ತಿಳಿಸಿ.

ಉತ್ತರ (ಸುಬೇದಾರ್, ನಿವೃತ್ತ ಆರ್ಮರರ್, ತುಮಕೂರು): ನಮಸ್ಕಾರ ಗೌಡರೇ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಈಗ ಅಗ್ಗದ ರೈಫಲು ಕೂಡ ತನಗೆ ಹೊಂದುವ ತೋಟಾ ಸಿಕ್ಕರೆ ಒಂದಿಂಚಿನ ಆಸುಪಾಸಿನಲ್ಲಿ ಹೊಡೆಯುತ್ತದೆ, ಅಂದರೆ ಹಾರಿಸಿದ ಗುಂಡುಗಳೆಲ್ಲ ಅಷ್ಟು ಅಗಲದೊಳಗೆ ಬೀಳುತ್ತವೆ. ಹಿಂದೆ ನಿಪುಣ ಕೆಲಸಗಾರ ವಾರಗಟ್ಟಲೆ ಉಜ್ಜಿ ಕೂರಿಸಬೇಕಿದ್ದ ಭಾಗಗಳನ್ನು ಇಂದು ಗಣಕಯಂತ್ರ ನಡೆಸುವ ಲೇತು ಒಂದೇ ಸಮನೆ ಕತ್ತರಿಸಿ ಕೊಡುತ್ತದೆ. ಟಿಕ್ಕಾ ಮತ್ತು ರೂಗರ್ ನಳಿಗೆಗಳನ್ನು ಉಕ್ಕು ತಣ್ಣಗಿರುವಾಗಲೇ ಒಳಗೊಂದು ಗಟ್ಟಿ ಅಚ್ಚಿಟ್ಟು ಹೊರಗಿನಿಂದ ಯಂತ್ರದ ಸುತ್ತಿಗೆಗಳಲ್ಲಿ ಬಡಿದು ಮಾಡುತ್ತಾರೆ. ಒಳಗಿನ ಸುರುಳಿಗೆರೆ ಆ ಅಚ್ಚಿನಿಂದಲೇ ಮೂಡುತ್ತದೆ. ಸ್ಯಾವೇಜ್‌ನವರು ಗಟ್ಟಿ ಗುಂಡಿಯೊಂದನ್ನು ನಳಿಗೆಯೊಳಗೆ ಎಳೆದು ಗೆರೆ ಮೂಡಿಸುತ್ತಾರೆ. ಎರಡೂ ಒಳ್ಳೆಯ ವಿಧಾನಗಳೇ.

ಆದರೆ ಜಿಂಕೆ ಒಂದಿಂಚು ಅಗಲವಿರುವುದಿಲ್ಲ. ಅದರ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 20 ಸೆಂಟಿಮೀಟರ್. ಗುಂಡುಗಳ ಹರವನ್ನು ಅಳೆಯುವ ಕೋನದ ಅಳತೆ, ಒಂದು ‘ಮಿನಿಟ್ ಆಫ್ ಆಂಗಲ್’ ಎಂದರೆ ನೂರು ಮೀಟರಿಗೆ 2.9 ಸೆಂಟಿಮೀಟರ್, ಇನ್ನೂರಕ್ಕೆ 5.8. ಎರಡು ಮಿನಿಟಿನ ರೈಫಲಾದರೂ ಇನ್ನೂರು ಮೀಟರಿಗೆ 12 ಸೆಂಟಿಮೀಟರಿನೊಳಗೇ ಹೊಡೆಯುತ್ತದೆ. ನಿಮ್ಮ ಅಳಿಯ ಹಿಮದಲ್ಲಿ ಮಂಡಿಯೂರಿ ಏದುಸಿರು ಬಿಡುತ್ತಾ ಗುರಿ ಹಿಡಿದಾಗ ಅವನ ಕೈನಡುಕವೇ ಅದಕ್ಕಿಂತ ದೊಡ್ಡದಾಗಿರುತ್ತದೆ. ಆದ್ದರಿಂದ ಅವನು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ತಣ್ಣಗಿನ ನಳಿಗೆಯಿಂದ ಹೊರಡುವ ಮೊದಲ ಗುಂಡು ಹೋದ ವರ್ಷ ಬಿದ್ದಲ್ಲೇ ಈ ವರ್ಷವೂ ಬೀಳುತ್ತದೆಯೇ? ತೋಟಾ ಸಿಕ್ಕಿಕೊಳ್ಳದೆ ಒಳಹೋಗಿ ಖಾಲಿ ಕೋಶ ಹೊರಬರುತ್ತದೆಯೇ? ಬೆರಳು ಇಡದೆ ಗುಂಡು ಹಾರುವುದಿಲ್ಲ ತಾನೆ? ನಾನು ಬಂದೂಕನ್ನು ಅಳೆಯುವುದು ಇವುಗಳಿಂದಲೇ.

ಟಿಕ್ಕಾ ಫಿನ್‌ಲೆಂಡಿನ ರೀಹಿಮಾಕಿ ಊರಿನಲ್ಲಿ ತಯಾರಾಗುತ್ತದೆ. ಅದಕ್ಕಿಂತ ಬಹಳ ದುಬಾರಿಯಾದ ಸಾಕೋ ರೈಫಲು ಬರುವುದೂ ಅದೇ ಕಾರ್ಖಾನೆಯಿಂದ. ಟಿ3 ಬಂದದ್ದು 2003ರಲ್ಲಿ, ತಿದ್ದುಪಡಿಯಾದ ಟಿ3ಎಕ್ಸ್ 2016ರಲ್ಲಿ. ಹಳೆಯದರಲ್ಲಿ ಒದೆತವನ್ನು ತಡೆಯುವ ಅಡ್ಡಪಟ್ಟಿ ಅಲ್ಯುಮಿನಿಯಮ್ಮಿನದಾಗಿತ್ತು, ಜೋರು ತೋಟಾಗಳಿಗೆ ಅದು ಜಜ್ಜಿಹೋಗುತ್ತಿತ್ತು. ಹೊಸದರಲ್ಲಿ ಉಕ್ಕು ಹಾಕಿದ್ದಾರೆ. ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ, ಟ್ರಿಗರ್ ಡಬ್ಬಿಯಿಂದ ತೆಗೆದ ದಿನವೇ ಚೆನ್ನಾಗಿರುತ್ತದೆ. ಮ್ಯಾಗಜೀನು ಪ್ಲಾಸ್ಟಿಕ್ಕಿನದು, ಕಳೆದುಹೋದರೆ ಇನ್ನೊಂದಕ್ಕೆ ತೆರುವ ದುಡ್ಡು ಹೊಟ್ಟೆ ಉರಿಸುತ್ತದೆ.

ರೆಮಿಂಗ್ಟನ್ 700 ಬಂದದ್ದು 1962ರಲ್ಲಿ. ದುಂಡು ಉಕ್ಕಿನ ಕಂಬಿಯಿಂದ ಲೇತಿನಲ್ಲಿ ತಿರುಗಿಸಿ ತೆಗೆದ ಒಡಲು, ಅಂದರೆ ಬೋಲ್ಟ್ ಕೂರುವ ಭಾಗ. ಅಗ್ಗವಾಗಲಿ ಎಂದು ಹಾಗೆ ಮಾಡಿದರು, ಅದರಿಂದಲೇ ಅದು ನೆಟ್ಟಗೂ ಬಂತು. ಗುರಿಯ ವಿಷಯದಲ್ಲಿ ಅದಕ್ಕೆ ದೊಡ್ಡ ಹೆಸರಿದೆ, ಅಮೆರಿಕದ ಸೈನ್ಯದ ಎಂ24 ಸ್ನೈಪರ್ ರೈಫಲು ಇದರ ಮೇಲೆಯೇ ನಿಂತದ್ದು. ವಿಶ್ವಾಸಾರ್ಹತೆಯ ಕಡೆ ನನಗೆ ಅಳುಕಿದೆ. ಕೋಶವನ್ನು ಹೊರಗೆಳೆಯುವ ಕೊಕ್ಕೆ ಸಣ್ಣದು. ಬೋಲ್ಟಿನ ಹಿಡಿಯನ್ನು ಬೆಸುಗೆ ಹಾಕಿ ಅಂಟಿಸಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರುಗಳನ್ನು, ಬೆರಳು ಸೋಕದೆಯೂ ಗುಂಡು ಹಾರಬಹುದೆಂಬ ಕಾರಣಕ್ಕೆ, ಕಂಪನಿಯೇ ವಾಪಸು ಕರೆಯಿತು.

ಸ್ಯಾವೇಜ್ 110 ಇವುಗಳಲ್ಲಿ ಹಿರಿಯ, 1958ರದ್ದು. ನಳಿಗೆಯನ್ನು ಒಂದು ನಟ್ಟಿನಿಂದ ಬಿಗಿಯುತ್ತಾರೆ. ತೋಟಾ ಕೂರುವ ಆಳವನ್ನು ಇದರಿಂದ ಕರಾರುವಾಕ್ಕಾಗಿ ಹೊಂದಿಸಬಹುದು. ಬೋಲ್ಟಿನ ತಲೆ ತುಸು ಅಲುಗಾಡುವಂತಿರುವುದರಿಂದ ಅದನ್ನು ಕಚ್ಚಿ ಹಿಡಿಯುವ ಎರಡು ಕಿವಿಗಳೂ ಸಮನಾಗಿ ಕೂರುತ್ತವೆ. ನೋಡಲು ಒರಟು, ಬೋಲ್ಟ್ ಎಳೆದರೆ ಗರಗಸದ ಸದ್ದು. ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ರೂಗರ್ ಅಮೆರಿಕನ್ 2012ರದ್ದು. ಒಡಲು ಕೂರುವ ಕಡೆ ಎರಡು ಉಕ್ಕಿನ ಅಚ್ಚುಗಳನ್ನು ಹಿಡಿಯೊಳಗೇ (ಒಡಲು, ನಳಿಗೆಗಳನ್ನು ಹೊರುವ ಮರದ ಅಥವಾ ಪ್ಲಾಸ್ಟಿಕ್ಕಿನ ಭಾಗ) ಎರಕ ಹಾಕಿದ್ದಾರೆ. ನಾಲ್ಕರಲ್ಲಿ ಅಗ್ಗ. ಹಿಡಿ ಮಾತ್ರ ಆಟಿಕೆಯಂತಿದೆ, ಮುಂಭಾಗವನ್ನು ಒತ್ತಿದರೆ ನಳಿಗೆಗೆ ತಾಗುತ್ತದೆ.

ದುಡ್ಡಿದ್ದರೆ ಟಿಕ್ಕಾ, ಇಲ್ಲವಾದರೆ ಸ್ಯಾವೇಜ್, ಇದು ನನ್ನ ಅಭಿಪ್ರಾಯ. ತೋಟಾದ ಅಳತೆ .308 ಸಾಕು, ದೊಡ್ಡದಕ್ಕೆ ಆಸೆ ಪಡುವುದು ಬೇಡ. ಇನ್ನೊಂದು ಮಾತು. ಆಲ್ಬರ್ಟಾದಲ್ಲಿ ನವೆಂಬರಿನಲ್ಲಿ ಚಳಿ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೂ ಇಳಿಯಬಹುದು. ಬೋಲ್ಟಿನೊಳಗೆ ದಪ್ಪ ಗ್ರೀಸು ಬಳಿದಿದ್ದರೆ ಅದು ಹೆಪ್ಪುಗಟ್ಟಿ, ತೋಟಾ ಸಿಡಿಸುವ ಸೂಜಿ ಮೆತ್ತಗೆ ಬಡಿಯುತ್ತದೆ, ತೋಟಾ ಹಾರುವುದಿಲ್ಲ. ಕಾರ್ಖಾನೆಯ ಎಣ್ಣೆಯನ್ನೆಲ್ಲ ಒರೆಸಿ ತೆಳ್ಳಗಿನದನ್ನು ಒಂದೇ ಪದರ ಸವರಲು ಹೇಳಿ.

ಪ್ರಶ್ನೆ (ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ, ಏರ್ ರೈಫಲ್ ಕ್ರೀಡಾಪಟು): ಸರ್, ಟಿಕ್ಕಾದವರು ಮೂರು ಗುಂಡಿಗೆ ಒಂದು ಮಿನಿಟ್ ಎಂದೂ ಸಾಕೋದವರು ಐದು ಗುಂಡಿಗೆ ಒಂದು ಮಿನಿಟ್ ಎಂದೂ ಭರವಸೆ ಕೊಡುತ್ತಾರೆ. ಎರಡಕ್ಕೂ ವ್ಯತ್ಯಾಸವೇನು? ನಾವು ಸ್ಪರ್ಧೆಯಲ್ಲಿ ಅರವತ್ತು ಗುಂಡು ಹಾರಿಸುತ್ತೇವೆ.

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮಾ. ವ್ಯತ್ಯಾಸ ದೊಡ್ಡದು. ಗುಂಡುಗಳ ಚದುರುವಿಕೆಗೂ ಲೆಕ್ಕವಿದೆ. ಒಂದು ರೈಫಲು ಮೂರು ಗುಂಡಿಗೆ ಸರಾಸರಿ 2.4 ಸೆಂಟಿಮೀಟರ್ ಗುಂಪು (ಅತಿ ದೂರದ ಎರಡು ತೂತುಗಳ ಅಂತರ) ಕೊಡುತ್ತಿದ್ದರೆ, ಅದೇ ರೈಫಲು, ಅದೇ ತೋಟಾ, ಅದೇ ಕೈ, ಐದು ಗುಂಡಿಗೆ ಸುಮಾರು 3.1 ಮತ್ತು ಹತ್ತಕ್ಕೆ ಸುಮಾರು 3.8 ಕೊಡುತ್ತದೆ. ಬಂದೂಕು ಕೆಟ್ಟಿದ್ದಲ್ಲ, ಹೆಚ್ಚು ಗುಂಡು ಹಾರಿಸಿದಷ್ಟೂ ಅದರ ನಿಜವಾದ ಹರವು ಕಾಣಿಸಿತು, ಅಷ್ಟೇ. ಮೂರೇ ಗುಂಡು ನೋಡಿ ರೈಫಲಿಗೆ ಬೆಲೆ ಕಟ್ಟುವುದು, ತಿಪಟೂರಿನ ಹರಾಜಿನಲ್ಲಿ ಒಂದು ಕಾಯಿ ಒಡೆದು ಇಡೀ ಲಾಟಿನ ಕೊಬ್ಬರಿಗೆ ದರ ಕೂಗಿದಂತೆ. ಅದರ ಮೇಲೆ ಜನ ಹತ್ತು ಗುಂಪು ಹೊಡೆದು ಚೆನ್ನಾಗಿ ಬಂದ ಒಂದರ ಫೋಟೊ ಮಾತ್ರ ಹಂಚುತ್ತಾರೆ.

ಹಾಗಾಗಿ ಐದು ಗುಂಡಿನ ಒಂದು ಮಿನಿಟ್ ಮೂರು ಗುಂಡಿನದಕ್ಕಿಂತ ಕಠಿಣವಾದ ಷರತ್ತು. ಬೇಟೆಯ ರೈಫಲಿನ ತೆಳ್ಳಗಿನ ನಳಿಗೆ ನಾಲ್ಕೈದು ಗುಂಡಿಗೆ ಕಾದು ಬೇರೆ ಕಡೆ ಎಸೆಯಲು ಶುರುಮಾಡುತ್ತದೆ, ಕಂಪನಿಗಳು ಮೂರಕ್ಕೆ ನಿಲ್ಲಿಸಲು ಅದೂ ಕಾರಣ. ನಿನಗೆ ನನ್ನ ಸಲಹೆ: ಬೇರೆ ಬೇರೆ ದಿನಗಳಲ್ಲಿ, ನಳಿಗೆ ತಣ್ಣಗಿರುವಾಗ, ಒಂದೊಂದೇ ಗುಂಡನ್ನು ಒಂದೇ ಕಾಗದಕ್ಕೆ ಹಾರಿಸಿ ಹತ್ತು ತೂತು ಕೂಡಿಸು. ಬೇಟೆಗಾರನಿಗೆ ಬೇಕಾದ ಅಂಕಿ ಆ ಕಾಗದದಲ್ಲಿದೆ.

ಪ್ರತಿಕ್ರಿಯೆ (ಕುಣಿಗಲ್ಲಿನ ಹಿರಿಯರು, ನಿವೃತ್ತ ಪೊಲೀಸ್ ಅಧಿಕಾರಿ): ಸುಬೇದಾರರೇ, ಈ ಪ್ಲಾಸ್ಟಿಕ್ ಹಿಡಿಗಳೆಲ್ಲ ಏನು ಸ್ವಾಮಿ! ಜರ್ಮನಿಯ 1898ರ ಮೌಸರ್ ರೈಫಲಿನ ಮುಂದೆ ಯಾವುದು ನಿಲ್ಲುತ್ತದೆ? ನಮ್ಮ ಚಿಕ್ಕಪ್ಪನವರ ಹತ್ತಿರ ಇದ್ದ ಜೆಕ್ ದೇಶದ ಬ್ರನೋ ರೈಫಲು ಇಂದಿಗೂ ಅಲುಗಾಡುವುದಿಲ್ಲ.

ಉತ್ತರ: ಯಜಮಾನರೇ, ಅರ್ಧ ಒಪ್ಪುತ್ತೇನೆ. ಮೌಸರಿನ ಉದ್ದನೆಯ ಉಗುರು, ಅಂದರೆ ಕೋಶ ಎಳೆಯುವ ಕೊಕ್ಕೆ, ಮ್ಯಾಗಜೀನಿನಿಂದ ಮೇಲೇಳುವಾಗಲೇ ತೋಟಾವನ್ನು ಹಿಡಿದುಕೊಂಡು ಒಳಗೆ ತಳ್ಳುತ್ತದೆ, ಬೋಲ್ಟ್ ಹಿಂದಕ್ಕೆ ಎಳೆದಾಗ ಬಿಡದೆ ಹೊರಗೂ ತರುತ್ತದೆ. ಮೈಮೇಲೆ ಬರುವ ಪ್ರಾಣಿಯ ಎದುರಿಗೆ ನಿಂತವರು ಇಂದಿಗೂ ಅದನ್ನೇ ಕೇಳುತ್ತಾರೆ. ವಿಂಚೆಸ್ಟರಿನವರು 1936ರ ಮಾಡೆಲ್ 70ರಲ್ಲಿ ಇದೇ ಉಗುರನ್ನು ಇಟ್ಟಿದ್ದರು. 1964ರಲ್ಲಿ ಖರ್ಚು ಉಳಿಸಲು ಕೈಬಿಟ್ಟರು. ಅದಕ್ಕೇ ಅಮೆರಿಕದಲ್ಲಿ ‘ಅರವತ್ತನಾಲ್ಕಕ್ಕೆ ಮುಂಚಿನದು’ ಎಂದರೆ ಬೆಲೆ ಏರುತ್ತದೆ. ಕೊನೆಗೆ ಕಂಪನಿಯೇ ಮತ್ತೆ ಆ ಉಗುರಿಗೆ ಮರಳಿತು.

ಒಪ್ಪದ ಅರ್ಧವೆಂದರೆ ಮರ. ಮರದ ಹಿಡಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪಾವಗಡದ ಬಿಸಿಲಿಗೂ ಆಗುಂಬೆಯ ಮಳೆಗೂ ಒಂದೇ ಮರ ಒಂದೇ ರೀತಿ ಇರುವುದಿಲ್ಲ. ಉಬ್ಬಿದ ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೆ ಗುಂಡು ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ನೋಡಲು ಕುರೂಪಿ, ಆದರೆ ನೀರು ಕುಡಿಯುವುದಿಲ್ಲ. ನಿಮ್ಮ ಚಿಕ್ಕಪ್ಪನವರ ಬ್ರನೋವನ್ನು ಮಾತ್ರ ಯಾರಿಗೂ ಮಾರಬೇಡಿ. 1980ರ ದಶಕದಿಂದ ನಮ್ಮಲ್ಲಿ ಸಾಮಾನ್ಯರಿಗೆ ಬಂದೂಕಿನ ಆಮದು ನಿಂತೇಹೋಗಿದೆ, ಪ್ರಖ್ಯಾತ ಗುರಿಕಾರರಿಗೆ ಮಾತ್ರ ಅನುಮತಿ.

ಪ್ರಶ್ನೆ (ಗುಬ್ಬಿ ತಾಲ್ಲೂಕಿನ ಅಡಿಕೆ ಬೆಳೆಗಾರರು): ಸರ್, ನಮ್ಮದು ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲು. ತಂದೆಯವರ ನಂತರ ಪರವಾನಗಿ ನನ್ನ ಹೆಸರಿಗೆ ಬಂತು. ಚುನಾವಣೆಗೆಂದು ಠಾಣೆಯಲ್ಲಿ ಇಟ್ಟು ಬಿಡಿಸಿಕೊಂಡು ಬಂದ ಮೇಲೆ ಗುಂಡು ಎಡಕ್ಕೆ ಹೋಗುತ್ತಿದೆ. ಮೊದಲಿಂದಲೂ ಇದರ ಗುರಿ ಅಷ್ಟಕ್ಕಷ್ಟೇ ಎನ್ನುತ್ತಾರೆ, ನಿಜವೇ?

ಉತ್ತರ: ಅಷ್ಟಕ್ಕಷ್ಟೇ ಎನ್ನುವವರು ಅದನ್ನು ಯಾವುದಕ್ಕೆ ಹೋಲಿಸುತ್ತಿದ್ದಾರೆ ಎಂದು ಕೇಳಿ. ಆ ರೈಫಲಿನ ಒಡಲು ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡಿನದು, ಅಂದರೆ ಎರಡು ಮಹಾಯುದ್ಧಗಳಲ್ಲಿ ಕೆಸರು ಕುಡಿದು ಗುಂಡು ಹಾರಿಸಿದ ವಂಶ. ಬ್ರಿಟಿಷರು .303 ಸೈನ್ಯದ ಅಳತೆಯೆಂದು ಜನರಿಗೆ ನಿಷೇಧಿಸಿದ್ದರು. ಅದರ ಬದಲಿಗೆ ಆಸ್ಟ್ರಿಯಾದ 8 ಮಿಲಿಮೀಟರ್ ಮ್ಯಾನ್‌ಲಿಶರ್ ತೋಟಾ ನಮ್ಮಲ್ಲಿ .315 ಎಂಬ ಹೆಸರಿನಲ್ಲಿ ನೆಲೆಯಾಯಿತು.

ವಿಶ್ವಾಸಾರ್ಹತೆಗೆ ನಾನು ಅದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಗುರಿಗೆ ಕೊಡುವುದಿಲ್ಲ. ಬೋಲ್ಟನ್ನು ಕಚ್ಚಿ ಹಿಡಿಯುವ ಕಿವಿಗಳು ಮುಂದಿಲ್ಲ, ಹಿಂದಿವೆ. ಒತ್ತಡಕ್ಕೆ ಬೋಲ್ಟ್ ಕೂದಲೆಳೆಯಷ್ಟು ಕುಗ್ಗುತ್ತದೆ. ಹಿಡಿ ಎರಡು ತುಂಡಿನದು, ಮುಂದಿನ ಮರ ನಳಿಗೆಯ ಮೇಲೆ ಹೇಗೆ ಕೂತಿದೆ ಎಂಬುದನ್ನೇ ಗುರಿ ನಂಬಿಕೊಂಡಿದೆ. ಬರಿಗಣ್ಣಿನ ಗುರಿಯಲ್ಲಿ ನೂರು ಮೀಟರಿಗೆ ನಾಲ್ಕಿಂಚಿನೊಳಗೆ ಬಂದರೆ ನನಗೆ ತೃಪ್ತಿ. ಟಿಕ್ಕಾ ಜೊತೆ ಪಂದ್ಯಕ್ಕೆ ಬಿಡಬೇಡಿ.

ಎಡಕ್ಕೆ ಹೋಗಲು ಠಾಣೆಯ ವಾಸವೇ ಕಾರಣವಿರಬಹುದು. ಗೋಡೆಗೆ ಒರಗಿಸಿ ಒಂದರ ಮೇಲೊಂದು ಪೇರಿಸಿದಾಗ ಮುಂದಿನ ಗುರಿಮೊನೆ ಪಕ್ಕಕ್ಕೆ ಸರಿಯುತ್ತದೆ, ಮೊದಲು ಅದನ್ನು ನೋಡಿ. ಮೊನೆ ಬಲಕ್ಕೆ ಸರಿದಿದ್ದರೆ ಗುಂಡು ಎಡಕ್ಕೆ ಹೋಗುತ್ತದೆ. ಆಮೇಲೆ ಹಿಡಿಯ ಸ್ಕ್ರೂಗಳು. ಆಮೇಲೆ ನಳಿಗೆಯ ಬಾಯಿ: ಅಲ್ಲಿ ತುಕ್ಕು ತಿಂದಿದ್ದರೆ ಅಥವಾ ಪೆಟ್ಟು ಬಿದ್ದಿದ್ದರೆ ಗುಂಡು ಹೊರಡುವಾಗಲೇ ಓಲಾಡುತ್ತದೆ. ಮನೆಯಲ್ಲಿ ಉಳಿ ಸುತ್ತಿಗೆ ಹಿಡಿಯದೆ ಪರವಾನಗಿ ಪುಸ್ತಕದ ಸಮೇತ ಅಧಿಕೃತ ರಿಪೇರಿಯವರ ಬಳಿ ಒಯ್ಯಿರಿ. ಮುಂದಿನ ಸಲ ಠಾಣೆಗೆ ಕೊಡುವ ಮುಂಚೆ ನಳಿಗೆಯೊಳಗೆ ಎಣ್ಣೆ ಸವರಿ, ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ, ರಸೀದಿಯ ಮೇಲೆ ಬಂದೂಕಿನ ಸ್ಥಿತಿ ಬರೆಸಿಕೊಳ್ಳಿ. ಬಿಡಿಸಿಕೊಂಡ ಮೇಲೆ ಎಣ್ಣೆ ಒರೆಸದೆ ಹಾರಿಸಬೇಡಿ.

ಹಳೆಯ ತೋಟಾ ಉಳಿದಿದ್ದರೆ ಎಚ್ಚರ. ಹಳೆಯ ಕಾಲದ ಕೇಪಿನಲ್ಲಿ ಕ್ಲೋರೇಟ್ ಇರುತ್ತಿತ್ತು, ಹಾರಿಸಿದ ಮೇಲೆ ಅದು ನಳಿಗೆಯಲ್ಲಿ ಉಪ್ಪು ಬಿಡುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ.

ಪ್ರಶ್ನೆ (ಮಧುಗಿರಿಯ ಕಡಲೆಕಾಯಿ ಬೆಳೆಗಾರರು): ಅಣ್ಣಾ, ಹಂದಿ ಕಾಟ ತಡೆಯಲಾಗುತ್ತಿಲ್ಲ. ಬೆಳೆರಕ್ಷಣೆಗೆ ಅರ್ಜಿ ಹಾಕಿ .30-06 ರೈಫಲು ತೆಗೆದುಕೊಳ್ಳೋಣವೆಂದಿದ್ದೇನೆ. ಗುರಿ ಚೆನ್ನಾಗಿರುತ್ತದಂತೆ.

ಉತ್ತರ: ಬೇಡ ತಮ್ಮಾ. ಗುರಿ ಚೆನ್ನಾಗಿರುವುದು ನಿಜ, ಆದರೆ ತಪ್ಪಿದ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಿನ್ನ ಹೊಲದಿಂದ ಅಷ್ಟು ದೂರದೊಳಗೆ ಎಷ್ಟು ಊರುಗಳಿವೆ, ರಾತ್ರಿ ಎಷ್ಟು ಜನ ಮೋಟರ್ ಹಾಕಲು ಓಡಾಡುತ್ತಾರೆ, ಎಣಿಸು. ಬಂದೂಕಿನ ಪರವಾನಗಿ ಜಿಲ್ಲಾಧಿಕಾರಿ ಕೊಡುವುದು, ಪ್ರಾಣಿಯನ್ನು ಕೊಲ್ಲುವ ಅನುಮತಿ ಅದರಲ್ಲಿ ಸೇರಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಂದಿಗೆ ಗುಂಡು ಹೊಡೆಯಲೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ನಿಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳೂ ಇವೆ, ಕತ್ತಲಲ್ಲಿ ಕಣ್ಣು ಹೊಳೆದದ್ದು ಹಂದಿಯದೇ ಎಂದು ಹೇಗೆ ಹೇಳುತ್ತೀಯ? ಆ ದುಡ್ಡಿಗೆ ಸೋಲಾರ್ ಬೇಲಿ ಹಾಕಿಸು, ಬೆಳೆನಷ್ಟಕ್ಕೆ ಇಲಾಖೆಗೆ ಅರ್ಜಿ ಕೊಡು. ಬಂದೂಕು ಬೇಕೇ ಬೇಕೆಂದರೆ ಬೆದರಿಸಲು 12 ಬೋರ್ ಕೋವಿ ಸಾಕು.

ಪ್ರಶ್ನೆ (ತಿಪಟೂರಿನವರು ಮತ್ತೆ): ಸರ್, ಅಳಿಯನಿಗೆ ನಿಮ್ಮ ಉತ್ತರ ಕಳುಹಿಸಿದೆ. ಈಗ ಯಾರೋ ಅವನಿಗೆ 2010ರ ರೆಮಿಂಗ್ಟನ್ 700 ಅನ್ನು ದುರ್ಬೀನಿನ ಸಮೇತ ಅರ್ಧ ಬೆಲೆಗೆ ಕೊಡುತ್ತಾರಂತೆ. ಆಸೆ ಬಿದ್ದಿದ್ದಾನೆ.

ಉತ್ತರ: 2010 ಎಂದರೆ ವಾಪಸು ಕರೆದ ಅವಧಿಯೊಳಗೇ ಬಂತು. ಟ್ರಿಗರ್ ಬದಲಾಗಿದೆಯೇ, ಯಾರು ಬದಲಿಸಿದರು, ಕಾಗದವಿದೆಯೇ ಎಂದು ಮಾರುವವನನ್ನು ಕೇಳಲಿ. ಕಾಗದವಿಲ್ಲದಿದ್ದರೆ ಹೊಸ ಟ್ರಿಗರಿನ ಬೆಲೆ ಮತ್ತು ಬಂದೂಕು ರಿಪೇರಿಯವನ ಕೂಲಿ ಎರಡನ್ನೂ ಆ ಅರ್ಧ ಬೆಲೆಗೆ ಸೇರಿಸಿ ನೋಡಲಿ. ಟ್ರಿಗರ್ ಬದಲಾಗುವವರೆಗೆ ಅದಕ್ಕೆ ತೋಟಾ ತುಂಬಬಾರದು. ದುರ್ಬೀನು ಯಾವ ಕಂಪನಿಯದು ಎಂದೂ ಕೇಳಿ ಬರೆಯಿರಿ.