‘ಜೋಡಿಯಾಕ್’ (2007): ಮೊದಲ ಕೊಲೆಯನ್ನೇ ಯಾಕೆ ಬಿಟ್ಟರು?

ಪ್ರಶ್ನೆ: ಜೋಡಿಯಾಕ್ ಎಂಬ ನಿಜವಾದ ಸರಣಿ ಕೊಲೆಗಾರನ ಬಗೆಗಿನ ಈ ಸಿನಿಮಾ ಶುರುವಾಗೋದು 1969ರ ಜುಲೈ 4ರ ರಾತ್ರಿ, ಕ್ಯಾಲಿಫೋರ್ನಿಯಾದ ವಲೇಹೋದಲ್ಲಿ. ಆದರೆ ಲೇಕ್ ಹರ್ಮನ್ ರಸ್ತೆಯ ಜೋಡಿ ಕೊಲೆ ಆಗಿದ್ದು 1968ರ ಡಿಸೆಂಬರ್ 20ಕ್ಕೆ. ಅದನ್ನು ತೋರಿಸಿಲ್ಲವಲ್ಲ? ಅವನು ಪತ್ರಿಕೆಗಳಿಗೆ ಕಳಿಸಿದ ಗೂಢಲಿಪಿಯ (ಚಿಹ್ನೆಗಳಲ್ಲಿ ಬರೆದ ಗುಪ್ತ ಸಂದೇಶದ) ಭಾಗವೂ ಅರ್ಧಕ್ಕೇ ನಿಂತ ಹಾಗಿದೆ.

ಉತ್ತರ 1: ಬದುಕುಳಿದವರು ಅಥವಾ ಕಣ್ಣಾರೆ ಕಂಡವರು ಇರುವ ದಾಳಿಗಳನ್ನಷ್ಟೇ ನಿರ್ದೇಶಕ ಡೇವಿಡ್ ಫಿಂಚರ್ ಚಿತ್ರಿಸಿದ್ದಾರೆ. ಲೇಕ್ ಹರ್ಮನ್‌ನಲ್ಲಿ ಇಬ್ಬರೂ ಸತ್ತರು, ನಡೆದದ್ದನ್ನು ಹೇಳುವವರೇ ಇಲ್ಲ. ಬೆರಿಯೆಸ್ಸಾ ಸರೋವರದ ದಂಡೆಯಲ್ಲಿ ದಾಳಿಗೆ ಸಿಕ್ಕ ಜೋಡಿಯಲ್ಲಿ ಯುವಕ ಉಳಿದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಲೆಗಾರ ಟ್ಯಾಕ್ಸಿ ಚಾಲಕನನ್ನು ಕೊಂದು ಟ್ಯಾಕ್ಸಿ ಒರೆಸುತ್ತಿದ್ದುದನ್ನು ಎದುರು ಮನೆಯ ಮಕ್ಕಳು ಕಿಟಕಿಯಿಂದ ನೋಡಿದ್ದರು. ಸತ್ತವರ ಬಾಯಿಗೆ ಮಾತು ತುರುಕದ ಈ ಸಂಯಮ ನನಗೆ ಬಹಳ ದೊಡ್ಡದು.

ಉತ್ತರ 2: ಗೂಢಲಿಪಿ ಎರಡನ್ನೂ ಬೇರೆಬೇರೆಯಾಗಿ ನೋಡಿ. ಮೊದಲನೆಯದರಲ್ಲಿ 408 ಚಿಹ್ನೆ. 136ರಂತೆ ಮೂರು ತುಂಡು, ಮೂರು ಪತ್ರಿಕೆಗೆ. ‘ಇ’ಯಂಥ ಪದೇಪದೇ ಬರುವ ಇಂಗ್ಲಿಷ್ ಅಕ್ಷರಕ್ಕೆ ಹಲವು ಚಿಹ್ನೆ ಇಟ್ಟಿದ್ದರಿಂದ ಯಾವ ಚಿಹ್ನೆ ಎಷ್ಟು ಸಲ ಬಂದಿದೆ ಎಂಬ ಬರೀ ಎಣಿಕೆಯಿಂದ ಬಿಡಿಸಲಾಗದು. ಆದರೂ ಒಬ್ಬ ಶಿಕ್ಷಕ ಮತ್ತವರ ಹೆಂಡತಿ ಕೆಲವೇ ದಿನದಲ್ಲಿ ಬಿಡಿಸಿದರು. ‘ಕಿಲ್’ ಎಂಬ ಪದ ಇದ್ದೇ ಇರುತ್ತದೆ ಅಂತ ಊಹಿಸಿದ್ದೇ ಕೀಲಿ. 340 ಚಿಹ್ನೆಯದು ಹಾಗಲ್ಲ. ಅಲ್ಲಿ ಅಕ್ಷರ ಬದಲಿಸಿದ್ದಲ್ಲದೆ ಸ್ಥಾನವನ್ನೂ ಪಲ್ಲಟ ಮಾಡಿದ್ದಾನೆ: ಒಂದು ಸಾಲು ಕೆಳಗೆ, ಎರಡು ಚಿಹ್ನೆ ಪಕ್ಕಕ್ಕೆ, ಹೀಗೆ ಓರೆಯಾಗಿ ಓದಬೇಕು. ಅದು ಬಿಡಿಸಿದ್ದು 2020ರ ಡಿಸೆಂಬರ್‌ನಲ್ಲಿ. 2007ರ ಸಿನಿಮಾ ಅರ್ಧಕ್ಕೆ ನಿಲ್ಲದೆ ಇನ್ನೇನು ಮಾಡೀತು?

ಉತ್ತರ 3: ಇನ್ನೊಂದು ಗಮನಿಸಿ, ರಕ್ತವೆಲ್ಲ ಕಂಪ್ಯೂಟರಿನಲ್ಲಿ ಸೇರಿಸಿದ್ದು. ಒಂದೇ ಶಾಟ್ ಹತ್ತಾರು ಸಲ ತೆಗೆಯುವಾಗ ಪ್ರತಿಸಲ ಬಟ್ಟೆ ಬದಲಿಸಿ ಒರೆಸುತ್ತಾ ಕೂತರೆ ದಿನವೇ ಹೋಗುತ್ತದೆ.