ಭಾವನ ಕಂಪ್ಯೂಟರಿಗೆ ನೆಟ್ ಏಕೆ ಬರುತ್ತಿಲ್ಲ?

ಚಿಕ್ಕಪ್ಪ: (ಫಾರ್ವರ್ಡ್) "ಲಿನಕ್ಸ್ ಆನ್ ಆದಾಗ ನೆಟ್ ಬರುವುದಿಲ್ಲವೇ? ಗ್ರಬ್ (ಲಿನಕ್ಸನ್ನು ಶುರು ಮಾಡುವ ತಂತ್ರಾಂಶ) ಸಾಲಿಗೆ ನೆಟ್.ಐಎಫ್‌ನೇಮ್ಸ್=0 ಸೇರಿಸಿ, ಸಾಕು." ಅಳಿಯಂದಿರೇ, ನಿಮ್ಮ ಪ್ರೆಸ್ಸಿನ ಕಂಪ್ಯೂಟರಿಗೆ ಇದೇ ಮದ್ದು.

ನಾನು: ಭಾವ, ಸ್ವಲ್ಪ ತಡೆಯಿರಿ. ಡಿಮೆಸೇಜ್‌ನಲ್ಲಿ (ಕರ್ನಲ್ ದಾಖಲೆಯಲ್ಲಿ) 'ರೀನೇಮ್ಡ್' (ಹೆಸರು ಬದಲಾಯಿತು) ಎಂದಿರುವ ಸಾಲಿನ ಫೋಟೋ ಕಳುಹಿಸಿ.

ಭಾವ: ಕಳುಹಿಸಿದ್ದೇನೆ. "ಇಎನ್‌ಪಿ4ಎಸ್0: ರೀನೇಮ್ಡ್ ಫ್ರಮ್ ಇಟಿಎಚ್0" ಎಂದಿದೆ. ಹೊಸ ಎಸ್‌ಎಸ್‌ಡಿ ಹಾಕಿಸಿದ ಮೇಲೆಯೇ ಈ ಕಾಟ.

ನಾನು: ಸಿಕ್ಕಿತು. ಇದು ನೆಟ್‌ವರ್ಕ್ ಕಾರ್ಡಿನ ಹೆಸರು; 4 ಎಂಬುದು ಪಿಸಿಐ ಬಸ್ಸಿನಲ್ಲಿ (ಕಾರ್ಡುಗಳನ್ನು ಜೋಡಿಸುವ ದಾರಿಯಲ್ಲಿ) ಅದರ ಸಂಖ್ಯೆ. ನಿಮ್ಮ ಇಂಟರ್‌ಫೇಸಸ್ ಕಡತದಲ್ಲಿ (ಯಾವ ಕಾರ್ಡಿಗೆ ಯಾವ ನೆಟ್ ಸೆಟ್ಟಿಂಗ್ ಎಂದು ಬರೆದಿಡುವ ಕಡತ) ಇರುವುದು ಇಎನ್‌ಪಿ3ಎಸ್0. ಹೊಸ ಎಸ್‌ಎಸ್‌ಡಿ ಪಿಸಿಐ ಬಸ್ಸಿನಲ್ಲಿ ಒಂದು ಸಂಖ್ಯೆ ಹಿಡಿದುಕೊಂಡಿತು, ಕಾರ್ಡ್ 3ರಿಂದ 4ಕ್ಕೆ ಸರಿಯಿತು. ಕಾರ್ಡ್ ಚೆನ್ನಾಗಿಯೇ ಇದೆ; ಕಡತ ಇಲ್ಲದ ಹೆಸರನ್ನು ಕರೆಯುತ್ತಿದೆ.

ಚಿಕ್ಕಪ್ಪ: ಅದನ್ನೇ ನಾನೂ ಹೇಳುತ್ತಿರುವುದು! ಹಳೆಯ ಮಾದರಿಯ ಹೆಸರು ತನ್ನಿ. ನಮ್ಮ ಕಚೇರಿಯಲ್ಲಿ ವರ್ಷಗಟ್ಟಲೆ ಇಟಿಎಚ್0 ಕದಲಲೇ ಇಲ್ಲ.

ನಾನು: ಕದಲಲಿಲ್ಲ ಚಿಕ್ಕಪ್ಪ, ಏಕೆಂದರೆ ಆಗ ಯುಡೆವ್ (ಸಾಧನಗಳಿಗೆ ಹೆಸರಿಡುವ ಲಿನಕ್ಸ್ ತಂತ್ರಾಂಶ) ಪ್ರತಿ ಕಾರ್ಡಿನ ಮ್ಯಾಕ್ ವಿಳಾಸವನ್ನು (ಕಾರ್ಡಿನ ಗುರುತು ಸಂಖ್ಯೆ) '70-ಪರ್ಸಿಸ್ಟೆಂಟ್-ನೆಟ್' ಕಡತದಲ್ಲಿ ಬರೆದಿಡುತ್ತಿತ್ತು. 2013ರಲ್ಲಿ, ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ 197ನೇ ಆವೃತ್ತಿಯಿಂದ ಇಎನ್‌ಪಿ ಮಾದರಿಯ ಈ ಹೊಸ ಹೆಸರುಗಳು ಬಂದವು. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 2017ರಲ್ಲಿ, 9ನೇ ಆವೃತ್ತಿಯಲ್ಲಿ ಅವನ್ನು ಒಪ್ಪಿಕೊಂಡಿತು. ಈಗ ನಿಮ್ಮ ಗ್ರಬ್ ಸಾಲಿನಿಂದ ಹೊಸ ಹೆಸರನ್ನು ನಿಲ್ಲಿಸಿದರೆ ಕರ್ನಲ್ (ಲಿನಕ್ಸಿನ ತಿರುಳು) ತನಗೆ ಮೊದಲು ಸಿಕ್ಕ ಕಾರ್ಡಿಗೆ 0 ಕೊಡುತ್ತದೆ. ಭಾವನಲ್ಲಿ ಪ್ರಿಂಟರಿಗೆಂದೇ ಎರಡನೆಯ ಕಾರ್ಡಿದೆ. ಇಂದು ಇಟಿಎಚ್0 ಆದದ್ದು ನಾಳೆ ಇಟಿಎಚ್1 ಆದರೆ ಪ್ರಿಂಟರಿನ ಐಪಿ ವಿಳಾಸ ಇಂಟರ್ನೆಟ್ ಕೇಬಲ್ಲಿಗೆ ಹೋಗುತ್ತದೆ. ಅದೂ ಮದುವೆ ಪತ್ರಿಕೆಗಳ ಈ ಹಂಗಾಮಿನಲ್ಲಿ!

ಅಕ್ಕ: ಜಗಳ ಆಮೇಲೆ ಆಡಿ. ಇವರು ಈಗ ಏನು ಮಾಡಬೇಕು, ಅದನ್ನು ಹೇಳು.

ನಾನು: ಇವತ್ತಿನ ಕೆಲಸಕ್ಕೆ ಇಂಟರ್‌ಫೇಸಸ್ ಕಡತದಲ್ಲಿ ಇಎನ್‌ಪಿ3ಎಸ್0 ಇದ್ದಲ್ಲೆಲ್ಲ ಇಎನ್‌ಪಿ4ಎಸ್0 ಮಾಡಿ, 'ಆಟೋ' ಸಾಲಿನಲ್ಲೂ 'ಐಫೇಸ್' ಸಾಲಿನಲ್ಲೂ. ಒಂದನ್ನೇ ತಿದ್ದಿದರೆ ನೆಟ್ ಮತ್ತೆ ಬರುವುದಿಲ್ಲ. ಸಂಜೆ ನಾನು ಎರಡು ಲಿಂಕ್ ಕಡತ ಕಳುಹಿಸುತ್ತೇನೆ: ಮ್ಯಾಕ್ ವಿಳಾಸ ನೋಡಿ ಒಂದು ಕಾರ್ಡಿಗೆ ಲ್ಯಾನ್0, ಇನ್ನೊಂದಕ್ಕೆ ಪ್ರಿಂಟ್0 ಎಂಬ ಹೆಸರು. ಅವನ್ನು ಸಿಸ್ಟಮ್‌ಡಿ ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ತೆರೆಯುವ ಕಡತ) ನವೀಕರಿಸಿ, ಇಂಟರ್‌ಫೇಸಸ್ ಕಡತದಲ್ಲೂ ಅದೇ ಹೆಸರು ಬರೆದು ರೀಬೂಟ್ ಮಾಡಿ. ಮುಂದೆ ಯಾವ ಸ್ಲಾಟಿಗೆ ಏನು ಹಾಕಿದರೂ ಹೆಸರು ಅಲ್ಲಾಡದು.

ಚಿಕ್ಕಪ್ಪ: ಒಂದೇ ಕಾರ್ಡ್ ಇರುವವರಿಗೆ ನನ್ನ ದಾರಿಯೇ ಸುಲಭ. ಸಂದೇಶ ಅಳಿಸುವುದಿಲ್ಲ.

ನಾನು: ಒಂದೇ ಕಾರ್ಡ್ ಆದರೆ ಒಪ್ಪುತ್ತೇನೆ. ಅಳಿಸಬೇಡಿ, ಆದರೆ 'ಇಂಟರ್‌ಫೇಸಸ್ ಕಡತದಲ್ಲೂ ಇಟಿಎಚ್0 ಎಂದು ಬದಲಿಸಿ' ಎಂಬ ಸಾಲು ಸೇರಿಸಿ. ಅದಿಲ್ಲದೆ ನಿಮ್ಮ ಮದ್ದೂ ಕೆಲಸ ಮಾಡದು.

ಭಾವ: 4 ಮಾಡಿದೆ. ನೆಟ್ ಬಂತು. ಸಂಜೆ ಆ ಕಡತಗಳನ್ನು ಮರೆಯದೆ ಕಳುಹಿಸು.