ಮುಂಬೈ ಒಪೆರಾ ಹೌಸ್‌ನಲ್ಲಿ ಕಂಟೆಂಪರರಿ ಡ್ಯಾನ್ಸ್: ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ರಾಯಚೂರು ಹುಡುಗಿ
ಎಲ್ಲರಿಗೂ ನಮಸ್ಕಾರ. ಮುಂಬೈನಲ್ಲಿರುವ ತಂಗಿ ರಾಯಲ್ ಒಪೆರಾ ಹೌಸ್‌ನ ಒಂದು ಡ್ಯಾನ್ಸ್ ಶೋಗೆ ಟಿಕೆಟ್ ತೆಗೆದಿದ್ದಾಳೆ. ಒಂದೇ ಸಂಜೆ ನಾಲ್ಕು ಚಿಕ್ಕ ಕಂಟೆಂಪರರಿ ಕೃತಿಗಳು, ಒಂದೊಂದೂ ಹದಿನೈದು ಇಪ್ಪತ್ತು ನಿಮಿಷ. ನಾನು, ಅಪ್ಪ ಇಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಬೇಕು. ಅಪ್ಪ ಬಳ್ಳಾರಿ ಕಡೆ ಹಳ್ಳಿಯವರು, ಬೆಳಗಿನ ತನಕ ಕೂತು ದೊಡ್ಡಾಟ ನೋಡಿ ಬೆಳೆದವರು. ವಿಷಯ ಹೇಳಿದ ಕೂಡಲೇ "ಪ್ರಸಂಗ ಯಾವುದು?" ಅಂದರು. ಕಥೆ ಇರಲ್ಲ ಅಪ್ಪ ಅಂದರೆ "ಮತ್ತೆ ನೋಡೋದು ಏನನ್ನ?" ಅಂತ ಕೇಳಿದರು. ನನಗೂ ಗೊತ್ತಿಲ್ಲ. ತಂಗಿ ಕಳಿಸಿದ ವಿಡಿಯೋದಲ್ಲಿ ಹೆಜ್ಜೆ ಸಂಗೀತಕ್ಕೆ ಕೂಡೋದೇ ಇಲ್ಲ, ನೆಲಕ್ಕೆ ಬೀಳ್ತಾರೆ, ಉರುಳ್ತಾರೆ, ಏಳ್ತಾರೆ. ಇಂಥದ್ದನ್ನು ಹೇಗೆ ನೋಡಬೇಕು? ಹೋಗೋ ಮುಂಚೆ ಅಪ್ಪನಿಗೆ ಏನಾದರೂ ತೋರಿಸಲಾ?

ಮದ್ದಲೆ ಪ್ರಿಯ, ಬಳ್ಳಾರಿ
ಅಕ್ಕಾ, ಕಣ್ಣು ಮುಚ್ಚಿಕೊಂಡು ಕರೆದುಕೊಂಡು ಹೋಗಿ. ದೊಡ್ಡಾಟ ನೋಡಿದವರಿಗೆ ಇದು ಹೊಸದಲ್ಲ. ಕಿರೀಟ, ಭುಜಕೀರ್ತಿ ಕಟ್ಟಿದ ವೇಷ ಅಟ್ಟದ ಮೇಲೆ ಬಂದು ಮಾತಿಲ್ಲದೆ ಕುಣಿಯುತ್ತಲ್ಲ, ಆ ಹೊತ್ತಿಗೆ ಕಥೆ ಯಾರ ತಲೆಯಲ್ಲಿರುತ್ತೆ ಹೇಳಿ. ಹಲಗೆ ಮೇಲೆ ಕಾಲು ಹೇಗೆ ಬಿತ್ತು, ಅಷ್ಟು ಭಾರ ಹೊತ್ತು ಹೇಗೆ ತಿರುಗಿದ ಅನ್ನೋದನ್ನೇ ನೋಡ್ತೀವಿ. ಇಲ್ಲೂ ಅಷ್ಟೇ ನೋಡಬೇಕು.

ತೋರಿಸೋದಾದರೆ ಚೆಕ್ ನೃತ್ಯ ಸಂಯೋಜಕ ಯಿರಿ ಕಿಲಿಯಾನ್ ಅವರ 'ಪೆಟೀಟ್ ಮೋರ್' ತೋರಿಸಿ. 1991ರಲ್ಲಿ ಸಾಲ್ಜ್‌ಬರ್ಗ್ ಉತ್ಸವಕ್ಕೆ ಮಾಡಿದ್ದು, ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತೆ. ಆರು ಗಂಡಸರು, ಆರು ಹೆಂಗಸರು, ಆರು ತೆಳು ಕತ್ತಿ. ಶುರುವಿನಲ್ಲಿ ಸಂಗೀತವೇ ಇಲ್ಲ, ಕತ್ತಿ ಗಾಳಿ ಸೀಳುವ ಸದ್ದು ಮಾತ್ರ. ಕತ್ತಿ ಬಾಗಿಸ್ತಾರೆ, ನೆಲದ ಮೇಲೆ ಉರುಳಿಸ್ತಾರೆ. ಆಮೇಲೆ ಒಂದು ದೊಡ್ಡ ಕಪ್ಪು ಬಟ್ಟೆ ಇಡೀ ಸ್ಟೇಜ್ ಮೇಲೆ ಓಡಿ ಬಂದು ಎಲ್ಲರನ್ನೂ ಮುಚ್ಚಿ ವಾಪಸ್ ಹೋಗುತ್ತೆ, ನೋಡಿದರೆ ಅಲ್ಲಿ ಹೆಂಗಸರು ಬಂದಿರ್ತಾರೆ! ಸಂಗೀತ ಮೊಜಾರ್ಟ್‌ನ ಪಿಯಾನೋ.

ಗೆಜ್ಜೆ ಟೀಚರ್, ಕೊಪ್ಪಳ
ಮೇಲಿನವರ ಮಾತು ಅರ್ಧ ಒಪ್ತೀನಿ. ದೊಡ್ಡಾಟದಲ್ಲಿ ಎಷ್ಟೇ ಕುಣಿದರೂ ಕೊನೆಗೆ ಪ್ರಸಂಗಕ್ಕೇ ವಾಪಸ್ ಬರ್ತಾರೆ. ಇಲ್ಲಿ ಬರಲ್ಲ. ಎರಡೂ ಒಂದೇ ಅಂತ ಅಪ್ಪಾಜಿಗೆ ಹೇಳಿ ಕೂಡಿಸಿದರೆ ಅವರು ಕಾಯ್ತಾನೇ ಇರ್ತಾರೆ. ಮೊದಲೇ ಹೇಳಿಬಿಡಿ.

ನಾನು ಭರತನಾಟ್ಯ ಕಲಿಸೋಳು. ನಾವು ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತು, ಬೆನ್ನು ನೆಟ್ಟಗಿಟ್ಟು, ನೆಲ ತಟ್ಟೋದನ್ನು ಕಲಿಸ್ತೀವಿ. ಕಂಟೆಂಪರರಿಯವರು ಮೈಭಾರವನ್ನೆಲ್ಲ ನೆಲಕ್ಕೆ ಬಿಟ್ಟುಕೊಟ್ಟು, ಆ ಬಿದ್ದ ರಭಸದಲ್ಲೇ ಮತ್ತೆ ಏಳ್ತಾರೆ. ಸುಮ್ನೆ ಬೀಳೋದಲ್ಲ ಅದು, ವರ್ಷಗಟ್ಟಲೆ ಕಲಿಯಬೇಕು. ಯಾರಾದರೂ ಬಿದ್ದಾಗ ಮೊದಲು ನೆಲ ಮುಟ್ಟೋದು ಕೈಯೋ, ಭುಜವೋ, ಸೊಂಟವೋ ಗಮನಿಸಿ. ಇನ್ನು ಸಂಗೀತ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್, ಸಂಗೀತಗಾರ ಜಾನ್ ಕೇಜ್ ಜೊತೆ ಸೇರಿ ಕುಣಿತ, ಸಂಗೀತ ಎರಡನ್ನೂ ಬೇರೆ ಬೇರೆಯಾಗಿ ಕಟ್ಟಿ ಸ್ಟೇಜ್ ಮೇಲೆ ಒಟ್ಟಿಗೆ ಬಿಡ್ತಿದ್ದರು. ಹೆಜ್ಜೆ ಕೂಡದೇ ಇರೋದು ಬೇಕಂತಲೇ ಇರಬಹುದು.

ನಮ್ಮಲ್ಲೂ ನೃತ್ಯ ಸಂಯೋಜಕಿ ಚಂದ್ರಲೇಖಾ 1985ರಲ್ಲಿ 'ಅಂಗಿಕ' ಮಾಡಿದಾಗ ದೇವರ ಕಥೆ ಬಿಟ್ಟು ಭರತನಾಟ್ಯ, ಕೇರಳದ ಯುದ್ಧಕಲೆ ಕಳರಿಪಯಟ್ಟು, ಯೋಗ ಮೂರನ್ನೂ ತಂದು ಮೈಯನ್ನೇ ವಿಷಯ ಮಾಡಿದರು. ನನ್ನ ಪ್ರಕಾರ ಕಳರಿ ಗೊತ್ತಿರೋ ಕಲಾವಿದರು ನೆಲಕ್ಕೆ ಇಳಿಯೋ ರೀತಿಯೇ ಬೇರೆ.

ನಾಲ್ಕರಲ್ಲಿ ಎಲ್ಲಾ ಚೆನ್ನಾಗಿರಲೇಬೇಕು ಅಂತಿಲ್ಲ. ಚಿಕ್ಕ ಕೃತಿಯಲ್ಲಿ ಒಂದೇ ವಿಚಾರ ಹಿಡಿದವರು ಗೆಲ್ತಾರೆ, ಎಲ್ಲಾ ತುರುಕೋಕೆ ಹೋದವರು ಸೋಲ್ತಾರೆ. ಬೇಜಾರಾದರೆ ಇನ್ನೊಂದು ಬರುತ್ತೆ, ಕಾಯಿರಿ. ಮತ್ತೆ ಬಟ್ಟೆ ಕಡಿಮೆ ಇರಬಹುದು, ಮೈಗಂಟಿದ ಉಡುಪು ಇರಬಹುದು. ಸ್ನಾಯು ಕಾಣಲಿ ಅಂತ ಹಾಗೆ ಹಾಕ್ತಾರೆ ಅಂತ ಮೊದಲೇ ಹೇಳಿದರೆ ಅಪ್ಪಾಜಿಗೆ ಮುಜುಗರ ಆಗಲ್ಲ.

ಮೊದಲು ಗಿರ್‌ಗಾಂವ್, ಈಗ ಗಂಗಾವತಿ
ಕಟ್ಟಡದ ಬಗ್ಗೆ ನಾನು ಹೇಳ್ತೀನಿ. ಚರ್ನಿ ರೋಡ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. 1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟನೆ ಮಾಡಿದ್ದು. ಆಮೇಲೆ ಸಿನಿಮಾ ಥಿಯೇಟರ್ ಆಯ್ತು, 1993ರಲ್ಲಿ ಬಾಗಿಲು ಹಾಕಿತು, ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಉಸ್ತುವಾರಿಯಲ್ಲಿ ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಸ್ವಲ್ಪ ಬೇಗ ಹೋಗಿ, ಛಾವಣಿಯನ್ನೂ ಪಕ್ಕದ ಗೋಡೆಗೆ ಇರೋ ಬಾಕ್ಸ್ ಸೀಟುಗಳನ್ನೂ ತೋರಿಸಿ. ಆರುನೂರಕ್ಕೂ ಕಡಿಮೆ ಸೀಟು, ಎಲ್ಲಿ ಕೂತರೂ ಸ್ಟೇಜ್ ಹತ್ತಿರವೇ. ನನ್ನ ಕೇಳಿದರೆ ಬಾಲ್ಕನಿ. ಹತ್ತು ಜನ ನೆಲದ ಮೇಲೆ ಗೆರೆ ಕಟ್ಟೋದು, ಚದುರೋದು ಮೇಲಿಂದಲೇ ಚೆಂದ. ಅಪ್ಪಾಜಿಗೆ ಮೆಟ್ಟಿಲು ಹತ್ತೋಕೆ ಆಗುತ್ತಾ ನೋಡಿಕೊಳ್ಳಿ.

ರಾಯಚೂರು ಹುಡುಗಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಪ್ಪನಿಗೆ ಆ ಕತ್ತಿಯ ಡ್ಯಾನ್ಸ್ ತೋರಿಸಿದೆ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿಂದ ಹಾಕು ಅಂದರು! ಈಗ ಅವರದು ಒಂದೇ ಪ್ರಶ್ನೆ: "ಮದ್ದಲೆ ಇಲ್ಲ, ತಾಳ ಇಲ್ಲ, ಆರು ಕತ್ತಿ ಒಟ್ಟಿಗೆ ಏಳುತ್ತೆ. ಇವರಿಗೆ ಲೆಕ್ಕ ಕೊಡೋರು ಯಾರು?" ಟೀಚರ್, ನೀವೇ ಹೇಳಬೇಕು.

ಗೆಜ್ಜೆ ಟೀಚರ್, ಕೊಪ್ಪಳ
ಎಂಥ ಒಳ್ಳೆ ಪ್ರಶ್ನೆ ರೀ! ಮನಸ್ಸಿನಲ್ಲೇ ಎಣಿಸ್ತಾರೆ, ಜೊತೆಗೆ ಉಸಿರು. ಪಕ್ಕದವರು ಉಸಿರು ಎಳೆದುಕೊಂಡದ್ದು ಕೇಳುತ್ತೆ, ಓರೆಗಣ್ಣಿಗೆ ಭುಜ ಏರಿದ್ದು ಕಾಣುತ್ತೆ, ಅದೇ ಸೂಚನೆ. ಸಂಗೀತ ನಿಂತಾಗ ಕಿವಿಗೊಟ್ಟರೆ ನೋಡುವವರಿಗೂ ಕೇಳಿಸುತ್ತೆ. ಆದರೆ ಹತ್ತಿರ ಕೂತಿರಬೇಕು. ಅದಕ್ಕೇ ನಾನು ಬಾಲ್ಕನಿ ಬೇಡ ಅನ್ನೋದು. ತಂಗಿಗೆ ಹೇಳಿ, ಬದಲಾಯಿಸೋಕೆ ಆದರೆ ಕೆಳಗೆ ಮುಂದಿನ ಸಾಲು ಹಿಡಿಯಲಿ.